ದಿನದ ಮಳೆಯನ್ನು ಅಳೆದು ಬರೆದಿಡುವ ಬಗೆ

ಮಳೆಗಾಲದಲ್ಲಿ ಬೆಳಿಗ್ಗೆ ಎಂಟೂವರೆ ಗಂಟೆಯಾಯಿತೆಂದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಕೊಡೆ ಹಿಡಿದು, ಪಾಚಿ ಕಟ್ಟಿದ ಅಂಗಳದಲ್ಲಿ ಜಾರದಂತೆ ಹಾಸಿದ ಅಡಿಕೆ ಸೋಗೆಯ ಮೇಲೆ ಹೆಜ್ಜೆಯಿಡುತ್ತಾ ನಡುವಿನ ಕಲ್ಲಿನ ತನಕ ಹೋಗುವುದು ನನ್ನ ಅನೇಕ ವರ್ಷಗಳ ಅಭ್ಯಾಸ. ಕಲ್ಲಿನ ಮೇಲೆ ಒಂದು ಪ್ಲಾಸ್ಟಿಕ್ ಕ್ಯಾನು ಇದೆ, ಕ್ಯಾನಿನ ಬಾಯಲ್ಲಿ ಒಂದು ಆಲಿಕೆ ಇದೆ. ಹಿಂದಿನ ಬೆಳಿಗ್ಗೆಯಿಂದ ಅದರೊಳಗೆ ಬಿದ್ದ ನೀರನ್ನು ಅಳತೆಯ ಜಾಡಿಗೆ ಸುರಿದು ನೋಡುವಷ್ಟರಲ್ಲಿ ತೋಡಿನ ಆಚೆ ದಡದಿಂದ ನೆರೆಮನೆಯವರ ಸ್ವರ ಕೇಳುತ್ತದೆ: "ಮಾಷೇ, ಎತ್ರ?" ಮೇಷ್ಟ್ರೇ, ಎಷ್ಟು ಎಂದು ಅವರು ಮಲೆಯಾಳದಲ್ಲಿ ಕೇಳುತ್ತಾರೆ, ನಾನು ಕನ್ನಡದಲ್ಲಿ "ಎಪ್ಪತ್ತೆರಡು" ಎನ್ನುತ್ತೇನೆ, ಮಳೆಯ ಸದ್ದಿನ ನಡುವೆಯೂ ಇಬ್ಬರಿಗೂ ಅರ್ಥವಾಗುತ್ತದೆ. ಒಳಗೆ ಬಂದು ಪುಸ್ತಕದಲ್ಲಿ ಆ ಅಂಕಿಯನ್ನು ಬರೆದ ಮೇಲೆಯೇ ನನಗೆ ಎರಡನೆಯ ಚಹಾ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಇಷ್ಟು ಮಳೆಯ ನಡುವೆ ಬದುಕುವವರು ಮಳೆಯ ವಿಷಯ ಮಾತಾಡದ ದಿನವಿಲ್ಲ. ಆದರೆ ಆ ಮಾತಿಗೆಲ್ಲ ಆಧಾರ ನೆನಪು ಮಾತ್ರ. ಜುಲೈಯಲ್ಲಿ ಮೂರು ದಿನ ಎಡೆಬಿಡದೆ ಹೊಯ್ದರೆ "ಇಂಥ ಮಳೆ ಹುಟ್ಟಿದ ಮೇಲೆ ಕಂಡದ್ದಿಲ್ಲ" ಎನ್ನುತ್ತೇವೆ, ಅದೇ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ "ಈ ವರ್ಷ ಮಳೆಯೇ ಇಲ್ಲ" ಎನ್ನುತ್ತೇವೆ. ಜೋರಾಗಿ ಬಂದದ್ದು ಮನಸ್ಸಿನಲ್ಲಿ ಉಳಿಯುತ್ತದೆ, ರಾತ್ರಿಯಿಡೀ ಸದ್ದಿಲ್ಲದೆ ಸುರಿದದ್ದು ಉಳಿಯುವುದಿಲ್ಲ. ನಾನು ಅಳೆಯಲು ಶುರುಮಾಡಿದ ಮೊದಲ ವರ್ಷವೇ, ಹೆಂಚು ಹಾರಿಹೋಗುವ ಹಾಗೆ ಗಾಳಿ ಬೀಸಿದ ಒಂದು ಸಂಜೆಯ ಮಳೆ 18 ಮಿಲ್ಲಿಮೀಟರು, ಯಾರೂ ಗಮನಿಸದೆ ಮಲಗಿದ್ದ ಒಂದು ರಾತ್ರಿಯ ಮಳೆ 94 ಮಿಲ್ಲಿಮೀಟರು ಎಂದು ಕಂಡಾಗ ಈ ಅಭ್ಯಾಸ ನನ್ನನ್ನು ಹಿಡಿದುಕೊಂಡಿತು. ಇದಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ, ದಿನಕ್ಕೆ ಐದು ನಿಮಿಷ ಸಾಕು. ಯಾರಾದರೂ ಹೊಸದಾಗಿ ಆರಂಭಿಸುವುದಿದ್ದರೆ ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಮಿಲ್ಲಿಮೀಟರ್ ಎಂಬುದರ ಅರ್ಥ ಮನಸ್ಸಿಗೆ ಹೊಕ್ಕಬೇಕು. ಒಂದು ಮಿಲ್ಲಿಮೀಟರು ಮಳೆ ಎಂದರೆ, ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ಹಾಗೇ ನಿಂತಿದ್ದರೆ ಒಂದು ಮಿಲ್ಲಿಮೀಟರು ಎತ್ತರಕ್ಕೆ ನಿಲ್ಲುತ್ತಿತ್ತು ಎಂದು. ಒಂದು ಚದರ ಮೀಟರು ಜಾಗದಲ್ಲಿ ಅದು ಸರಿಯಾಗಿ ಒಂದು ಲೀಟರು ನೀರಾಗುತ್ತದೆ. ಹಾಗಾಗಿ, ತಳದಿಂದ ಬಾಯಿಯ ತನಕ ಒಂದೇ ಅಗಲವಿರುವ ಯಾವ ಡಬ್ಬಿಯನ್ನಾದರೂ ಬಯಲಿನಲ್ಲಿಟ್ಟು, ಅದರಲ್ಲಿ ನಿಂತ ನೀರಿಗೆ ಸ್ಕೇಲು ಇಳಿಸಿದರೆ ಕಾಣುವ ಎತ್ತರವೇ ಮಳೆಯ ಅಳತೆ. ಡಬ್ಬಿ ದೊಡ್ಡದಾದರೂ ಚಿಕ್ಕದಾದರೂ ಎತ್ತರ ಬದಲಾಗುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ನಂಬಿಸಲು ನಾನು ಒಂದು ಬಿಸ್ಕೆಟ್ ಡಬ್ಬಿಯನ್ನೂ ಒಂದು ಸಣ್ಣ ಕಾಫಿಪುಡಿ ಡಬ್ಬಿಯನ್ನೂ ಪಕ್ಕಪಕ್ಕದಲ್ಲಿ ಇಡುತ್ತಿದ್ದೆ. ಎರಡರಲ್ಲೂ ಒಂದೇ ಎತ್ತರ ಕಂಡಾಗ ಅವರ ಮುಖದಲ್ಲಿ ಮೂಡುತ್ತಿದ್ದ ಅಚ್ಚರಿ ಈಗಲೂ ನೆನಪಿದೆ.

ಆದರೆ ಡಬ್ಬಿ ಮತ್ತು ಸ್ಕೇಲಿನಲ್ಲಿ ಎರಡು ಮೂರು ಮಿಲ್ಲಿಮೀಟರಿನ ಸಣ್ಣ ಮಳೆಯನ್ನು ನಿಖರವಾಗಿ ಓದಲು ಆಗುವುದಿಲ್ಲ, ಬಿಸಿಲು ಬಂದರೆ ಅಗಲ ಬಾಯಿಯಿಂದ ನೀರು ಆರಿಯೂ ಹೋಗುತ್ತದೆ. ಅದಕ್ಕೆ ಆಲಿಕೆ ಮತ್ತು ಕ್ಯಾನೇ ಒಳ್ಳೆಯದು. ಅಂಗಡಿಯಲ್ಲಿ ಫನೆಲ್ ಎಂದು ಕೇಳಿದರೆ ಕೊಡುತ್ತಾರೆ. ಸ್ಕೇಲು ತೆಗೆದುಕೊಂಡೇ ಅಂಗಡಿಗೆ ಹೋಗಿ, ಬಾಯಿಯ ಒಳ ಅಂಚಿನಿಂದ ಒಳ ಅಂಚಿಗೆ 11.3 ಸೆಂಟಿಮೀಟರು ಇರುವ ಆಲಿಕೆ ಸಿಗುತ್ತದೆಯೇ ಎಂದು ಹುಡುಕಬೇಕು. ಈ ಅಳತೆಗೆ ಒಂದು ಕಾರಣವಿದೆ. ಅಷ್ಟು ಅಗಲದ ಬಾಯಿಯ ವಿಸ್ತೀರ್ಣ ಬಹುತೇಕ 100 ಚದರ ಸೆಂಟಿಮೀಟರು. ಆಗ 10 ಮಿಲ್ಲಿಲೀಟರು ನೀರು ಎಂದರೆ ಒಂದು ಮಿಲ್ಲಿಮೀಟರು ಮಳೆ, ಒಂದು ಲೀಟರು ಎಂದರೆ 100 ಮಿಲ್ಲಿಮೀಟರು. ಲೆಕ್ಕ ಬಾಯಲ್ಲೇ ಮುಗಿಯುತ್ತದೆ. ಮೇಲೆ ಹೇಳಿದ ಎಪ್ಪತ್ತೆರಡು ಎಂದರೆ 720 ಮಿಲ್ಲಿಲೀಟರು ನೀರು. ಐದು ಲೀಟರಿನ ಕ್ಯಾನು ಇಟ್ಟರೆ 500 ಮಿಲ್ಲಿಮೀಟರಿನ ತನಕ ಹಿಡಿಯುತ್ತದೆ; ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಆಟಿ ತಿಂಗಳ ಎಂಥ ರಾತ್ರಿಗೂ ಅದು ಸಾಕು. ಒಂದು ಲೀಟರಿನ ಕ್ಯಾನನ್ನು ಮಾತ್ರ ಇಡಬೇಡಿ, ಅದು ತುಂಬಿ ಹರಿದ ದಿನವೇ ನಿಮಗೆ ಅಂಕಿ ಬೇಕಾಗಿರುತ್ತದೆ.

ಸರಿಯಾದ ಅಗಲದ ಆಲಿಕೆ ಸಿಗದಿದ್ದರೂ ತೊಂದರೆಯಿಲ್ಲ. ಬಾಯಿಯ ಅಗಲವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.7854ರಿಂದ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ. 15 ಸೆಂಟಿಮೀಟರಿನ ಆಲಿಕೆಯಾದರೆ ಸುಮಾರು 176.7 ಚದರ ಸೆಂಟಿಮೀಟರು. ಅದರ ಹತ್ತನೆಯ ಒಂದು ಪಾಲು, ಎಂದರೆ 17.67 ಮಿಲ್ಲಿಲೀಟರು ನೀರು, ಒಂದು ಮಿಲ್ಲಿಮೀಟರು ಮಳೆಗೆ ಸಮ. ಕ್ಯಾನಿನಲ್ಲಿ 1,060 ಮಿಲ್ಲಿಲೀಟರು ಸಿಕ್ಕಿದರೆ ಆ ದಿನದ ಮಳೆ 60 ಮಿಲ್ಲಿಮೀಟರು. ಈ ಭಾಜಕವನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸಿಬಿಡಿ. ನೀರನ್ನು ಅಳೆಯಲು ಗೆರೆಗಳಿರುವ ಒಂದು ಲೀಟರಿನ ಜಾಡಿಯೂ ಸಣ್ಣ ಮಳೆಗೆ ಔಷಧಿಯ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವೂ ಸಾಕು. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಇನ್ನೂ ಸುಲಭ: ಒಂದು ಮಿಲ್ಲಿಲೀಟರು ಮಳೆನೀರು ಒಂದು ಗ್ರಾಂ ತೂಗುತ್ತದೆ, ಕ್ಯಾನಿನ ತೂಕ ಕಳೆದರೆ ಆಯಿತು. ಹವಾಮಾನ ಇಲಾಖೆಯ ಮಾದರಿಯ ಮಳೆಮಾಪಕವೂ ಅದರದೇ ಅಳತೆಗ್ಲಾಸಿನ ಜೊತೆ ಕ್ರಯಕ್ಕೆ ಸಿಗುತ್ತದೆ. ಒಂದು ವರ್ಷ ಕ್ಯಾನಿನಲ್ಲಿ ಅಳೆದು ಅಭ್ಯಾಸ ನಿಂತ ಮೇಲೆ ಅದನ್ನು ತರಿಸಿಕೊಂಡರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಪಾತ್ರೆಗಿಂತ ಹೆಚ್ಚು ಯೋಚಿಸಬೇಕಾದದ್ದು ಅದನ್ನಿಡುವ ಜಾಗವನ್ನು. ನಾನು ಮೊದಲ ಮಳೆಗಾಲದಲ್ಲಿ ಕ್ಯಾನನ್ನು ಬಾವಿಕಟ್ಟೆಯ ಹತ್ತಿರ, ನೋಡಲು ಹತ್ತಿರವಾಗಲಿ ಎಂದು ಮಾಡಿನ ಅಂಚಿನಿಂದ ಎರಡು ಮಾರು ದೂರದಲ್ಲಿ ಇಟ್ಟಿದ್ದೆ. ಒಂದು ದಿನ ನನಗೆ 190 ಬಂತು. ಒಂದು ಕಿಲೋಮೀಟರು ಆಚೆ ಅಳೆಯುವ ಗೆಳೆಯರಿಗೆ 121. ನನ್ನ ಅಂಕಿಯೇ ಸರಿ ಎಂದು ಎರಡು ದಿನ ವಾದಿಸಿದ ಮೇಲೆ, ಗಾಳಿ ಬಂದಾಗ ಹೆಂಚಿನ ಅಂಚಿನಿಂದ ಇಳಿಯುವ ನೀರಿನ ದಾರ ಓರೆಯಾಗಿ ನೇರ ಆಲಿಕೆಯೊಳಗೇ ಬೀಳುವುದನ್ನು ಕಣ್ಣಾರೆ ನೋಡಿದೆ. ಆ ತಿಂಗಳ ಅಷ್ಟೂ ಅಂಕಿಗಳ ಪಕ್ಕದಲ್ಲಿ "ಜಾಗ ಸರಿಯಿಲ್ಲ" ಎಂದು ಬರೆದು, ಅವನ್ನು ಮೊತ್ತಕ್ಕೆ ಸೇರಿಸದೆ ಬಿಟ್ಟೆ. ನಿಯಮವೆಂದರೆ, ಮನೆ ಅಥವಾ ಮರ ಆಲಿಕೆಯ ಬಾಯಿಯಿಂದ ಎಷ್ಟು ಎತ್ತರಕ್ಕಿದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು. ಅಡಿಕೆ ತೋಟದ ನಡುವೆ ಮನೆಯಿರುವ ನಮಗೆ ಮರಗಳ ವಿಷಯದಲ್ಲಿ ಇದನ್ನು ಪೂರ್ತಿ ಪಾಲಿಸುವುದು ಕಷ್ಟ. ಆದರೂ ಅಡಿಕೆ ಒಣಗಿಸುವ ಅಂಗಳ ಎಂಬುದು ನಮ್ಮ ಪ್ರತಿ ಮನೆಯಲ್ಲೂ ಇದೆ, ಬಿಸಿಲು ಬೀಳಲೆಂದೇ ಸುತ್ತಲಿನ ಮರ ಕಡಿದು ಮಾಡಿದ ಆ ಜಾಗ ಮಳೆ ಅಳೆಯುವುದಕ್ಕೂ ಹೇಳಿಮಾಡಿಸಿದಂತಿದೆ. ಮಳೆಗಾಲದಲ್ಲಿ ಅಲ್ಲಿ ಬೇರೆ ಕೆಲಸವೂ ಇರುವುದಿಲ್ಲ. ಅಂಗಳದ ನಡುವೆ ಒಂದು ಕೆಂಪುಕಲ್ಲು ಇಟ್ಟು, ಕ್ಯಾನು ಗಾಳಿಗೆ ಉರುಳದಂತೆ ಹಗ್ಗದಿಂದ ಬಿಗಿದು, ಆಲಿಕೆಯ ಬಾಯಿ ನೆಲದಿಂದ 30 ಸೆಂಟಿಮೀಟರಿಗಿಂತ ಕೆಳಗಿರದಂತೆಯೂ ಸುತ್ತಲೂ ಮಟ್ಟಸವಾಗಿರುವಂತೆಯೂ ನೋಡಿಕೊಳ್ಳಿ. ಅದಕ್ಕಿಂತ ತಗ್ಗಿನಲ್ಲಿದ್ದರೆ ನೆಲಕ್ಕೆ ಬಡಿದ ಹನಿ ಸಿಡಿದು ಒಳಗೆ ಬೀಳುತ್ತದೆ. ಟೆರೇಸು ಬಿಟ್ಟರೆ ಬೇರೆ ಜಾಗವೇ ಇಲ್ಲ ಎನ್ನುವವರು ಅಂಚಿನಲ್ಲಿ ಇಡದೆ ನಡುವಿನಲ್ಲಿ ಇಡಲಿ. ಒಮ್ಮೆ ಇಟ್ಟ ಜಾಗವನ್ನು ಆಮೇಲೆ ಬದಲಿಸಬಾರದು.

ಆಲಿಕೆಯ ತೂತಿಗೆ ಒಂದು ತುಂಡು ನೈಲಾನ್ ಜಾಳಿಗೆ ಹಾಕಿದರೆ ಎಲೆ, ಹೂವು, ಇರುವೆ ಒಳಗೆ ಹೋಗುವುದಿಲ್ಲ. ಆದರೆ ಜಾಳಿಗೆಯ ಮೇಲೆ ಎಲೆ ಕೂತರೆ ನೀರು ಆಲಿಕೆಯಲ್ಲೇ ನಿಂತು ಹೊರಚೆಲ್ಲುತ್ತದೆ, ಆದ್ದರಿಂದ ಸಂಜೆ ಒಮ್ಮೆ ಕಣ್ಣು ಹಾಯಿಸಿ. ದಿನವೂ ಕ್ಯಾನನ್ನು ಪೂರ್ತಿ ಬೋರಲು ಹಾಕಿ ಬರಿದು ಮಾಡಿದರೆ ಸೊಳ್ಳೆಯ ತೊಂದರೆಯೂ ಇಲ್ಲ.

ಈಗ ಹೊತ್ತಿನ ವಿಷಯ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕ ಲೆಕ್ಕ ಹಾಕುತ್ತದೆ, ಮತ್ತು ಆ ಅಂಕಿಯನ್ನು ಓದಿದ ದಿನದ ತಾರೀಕಿಗೆ ಬರೆಯುತ್ತದೆ. ನಾವೂ ಅದನ್ನೇ ಪಾಲಿಸಿದರೆ ನಮ್ಮ ಅಂಕಿಯನ್ನು ಇಲಾಖೆಯ ಅಂಕಿಯ ಜೊತೆಗೂ ಬೇರೆ ಊರಿನವರ ಅಂಕಿಯ ಜೊತೆಗೂ ಹೋಲಿಸಬಹುದು. ಇಲ್ಲಿ ಹೊಸಬರು ತಪ್ಪುವುದು ತಾರೀಕಿನಲ್ಲಿ. ಜುಲೈ 9ರ ಮಧ್ಯಾಹ್ನ ಸುರಿದ ಮಳೆಯನ್ನು ಜುಲೈ 10ರ ಬೆಳಿಗ್ಗೆ ಅಳೆಯುತ್ತೀರಿ. ಅದನ್ನು 10ರ ಮನೆಯಲ್ಲಿ ಬರೆಯಬೇಕು. ಮನಸ್ಸು ಒಪ್ಪದಿದ್ದರೆ ಷರಾದಲ್ಲಿ "ನಿನ್ನೆ ಮಧ್ಯಾಹ್ನದ ಮಳೆ" ಎಂದು ಸೇರಿಸಿ, ಆದರೆ ಅಂಕಿಯನ್ನು ಒಮ್ಮೆ ಹಿಂದಿನ ದಿನಕ್ಕೂ ಒಮ್ಮೆ ಮುಂದಿನ ದಿನಕ್ಕೂ ಬರೆಯುತ್ತಾ ಹೋಗಬೇಡಿ. ಮದುವೆಗೋ ಉಪನಯನಕ್ಕೋ ಹೋಗಿ ಮೂರು ದಿನ ಬರಲಾಗದಿದ್ದರೆ, ಬಂದ ದಿನ ಸಿಕ್ಕಿದ ಒಟ್ಟು ನೀರನ್ನು ಅಳೆದು, ಮೂರು ತಾರೀಕುಗಳಿಗೂ ಸೇರಿಸಿ ಒಂದು ಆವರಣ ಹಾಕಿ ಒಂದೇ ಅಂಕಿ ಬರೆಯಿರಿ. ಅದನ್ನು ಮೂರರಿಂದ ಭಾಗಿಸಿ ಹಂಚಬಾರದು, ಹಂಚಿದರೆ ಬೀಳದ ಮಳೆಯನ್ನು ಬಿದ್ದಿದೆ ಎಂದು ಬರೆದಂತಾಗುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ಅಳೆಯಲು ಕಲಿಸಿಟ್ಟರೆ ಈ ಕಷ್ಟವೇ ಬರುವುದಿಲ್ಲ. ನಮ್ಮ ಮನೆಯಲ್ಲಿ ಮೊಮ್ಮಗಳು ಏಳನೆಯ ವಯಸ್ಸಿಗೇ ಜಾಡಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೀರಿನ ತಗ್ಗಿದ ನಡುಭಾಗವನ್ನು ಓದಲು ಕಲಿತಳು. ಅಜ್ಜ ಮೇಲಿನಿಂದ ಬಗ್ಗಿ ಓದುತ್ತಾರೆ, ಅದು ಸರಿಯಲ್ಲ ಎಂದು ಒಮ್ಮೆ ನನಗೇ ಹೇಳಿದಳು, ಹೇಳಿದ್ದು ಸರಿಯಾಗಿಯೇ ಇತ್ತು.

ಬರೆಯಲು ಉದ್ದನೆಯ ಗೆರೆಪುಸ್ತಕ ಒಳ್ಳೆಯದು. ಜೆಲ್ ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ. ಒದ್ದೆ ಕೈಯಲ್ಲಿ ಪುಸ್ತಕ ಮುಟ್ಟಲು ಮನಸ್ಸಾಗದವರು ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಅಂಕಿ ಹಾಕಿ ಆದಿತ್ಯವಾರ ಪುಸ್ತಕಕ್ಕೆ ಇಳಿಸಲಿ. ತಾರೀಕು, ಮಿಲ್ಲಿಮೀಟರು, ಜನವರಿ 1ರಿಂದ ಆ ದಿನದ ತನಕದ ಒಟ್ಟು, ಷರಾ ಎಂದು ನಾಲ್ಕು ಅಂಕಣ ಸಾಕು. ಮೂರನೆಯ ಅಂಕಣವನ್ನು ದಿನವೂ ಕೂಡಿಸುತ್ತಾ ಹೋಗಬೇಕು, "ಕಳೆದ ವರ್ಷ ಇದೇ ದಿನಕ್ಕೆ ಎಷ್ಟಿತ್ತು?" ಎಂಬ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 30ರ ತನಕದ ಮುಂಗಾರು, ಅಕ್ಟೋಬರಿನಿಂದ ಡಿಸೆಂಬರಿನ ತನಕದ ಹಿಂಗಾರು, ಮಾರ್ಚಿನಿಂದ ಮೇ ತನಕದ ಬೇಸಗೆ ಮಳೆ ಎಂದು ಬೇರೆ ಬೇರೆ ಮೊತ್ತ ತೆಗೆದರೆ ಇನ್ನೂ ಒಳ್ಳೆಯದು. ನಾನು ಇದರ ಜೊತೆಗೆ ಮಳೆನಕ್ಷತ್ರಗಳ ಲೆಕ್ಕವನ್ನೂ ಇಡುತ್ತೇನೆ. ಜೂನ್ ಎರಡನೆಯ ವಾರದಲ್ಲಿ ಹುಟ್ಟುವ ಮೃಗಶಿರಾ, ಜೂನ್ 22ರ ಸುಮಾರಿಗೆ ಬರುವ ಆರ್ದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನಗಳ ಮೊತ್ತ. ಹಿರಿಯರು ನಕ್ಷತ್ರದ ಹೆಸರು ಹಿಡಿದೇ ಮಳೆಯನ್ನು ನೆನೆಯುತ್ತಿದ್ದರು, ಅವರ ಮಾತನ್ನು ಅಂಕಿಯ ಪಕ್ಕದಲ್ಲಿಟ್ಟು ನೋಡಲು ಇದರಿಂದ ಸಾಧ್ಯವಾಗುತ್ತದೆ. ಮನೆಯಲ್ಲಿ ಹಳೆಯ ಮಳೆಪುಸ್ತಕ ಸಿಕ್ಕಿದರೆ ಅದು ಇಂಚಿನಲ್ಲಿರುವುದು ಸಹಜ. ಒಂದು ಇಂಚಿಗೆ 25.4 ಮಿಲ್ಲಿಮೀಟರು.

ಷರಾ ಅಂಕಣವನ್ನು ಮಾತ್ರ ಎಂದೂ ಖಾಲಿ ಬಿಡಬೇಡಿ. ಅಂಕಿಗೆ ಜೀವ ಬರುವುದು ಅಲ್ಲಿಂದ. "ಪತ್ತನಾಜೆ, ಸಂಜೆ ನಾಲ್ಕು ಹನಿ", "ತೋಡಿನಲ್ಲಿ ಮೊದಲ ಸಲ ಕೆಂಪು ನೀರು", "ರಾತ್ರಿ ಗುಡುಗು, ಕರೆಂಟಿಲ್ಲ", "ಗುಡ್ಡದ ಸುರಂಗದಲ್ಲಿ ನೀರು ಜೋರಾಯಿತು", "ಆಟಿ ಅಮಾವಾಸ್ಯೆ, ಹಾಲೆ ಮರದ ಕಷಾಯ" – ಇವು ನನ್ನ ಪುಸ್ತಕದಿಂದ ತೆಗೆದ ಷರಾಗಳು. ಪತ್ತನಾಜೆ ಎಂದರೆ ಮೇ ಕೊನೆಯಲ್ಲಿ ಬರುವ, ತುಳುವರಿಗೆ ಮಳೆಗಾಲದ ಹೊಸ್ತಿಲಾದ ದಿನ; ಸುರಂಗ ಎಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿ. ಬಾವಿಯಿರುವವರು ವಾರಕ್ಕೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಕಟ್ಟೆಯಿಂದ ನೀರಿನ ಮಟ್ಟಕ್ಕೆ ಎಷ್ಟು ಅಡಿ ಎಂದು ಬರೆಯಲಿ. ಸುರಂಗದ ನೀರನ್ನೇ ಕುಡಿಯುವ ಪೆರ್ಲ, ಬಾಯಾರು ಕಡೆಯ ಮನೆಗಳವರು ಒಂದು ಕೊಡಪಾನ ತುಂಬಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದರೆ ಸಾಕು. ಮಳೆಯ ಅಂಕಿ ಏರಿದ ಎಷ್ಟು ದಿನಗಳ ಮೇಲೆ ಬಾವಿ ಏರುತ್ತದೆ, ಮಳೆ ನಿಂತ ಎಷ್ಟು ವಾರಗಳ ಮೇಲೆ ಸುರಂಗ ಸಣಕಲಾಗುತ್ತದೆ ಎಂಬುದು ಎರಡು ಮೂರು ವರ್ಷಗಳಲ್ಲಿ ಕಾಣತೊಡಗುತ್ತದೆ. ಏತಡ್ಕದಂಥ ಊರುಗಳಲ್ಲಿ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಟ್ಟ, ಎಂದರೆ ನೀರು ತಡೆಯುವ ತಾತ್ಕಾಲಿಕ ಒಡ್ಡು, ಕಟ್ಟುವವರಿಗೆ ಕೆಲಸ ಯಾವಾಗ ಶುರುಮಾಡಬೇಕೆಂದು ತೀರ್ಮಾನಿಸಲು ಹಿಂಗಾರಿನ ಈ ಅಂಕಿಗಳು ಉಪಯೋಗಕ್ಕೆ ಬರುತ್ತವೆ.

ಅಡಿಕೆ ಕೃಷಿಕರಿಗಂತೂ ಈ ಪುಸ್ತಕ ಮದ್ದು ಬಿಡುವ ಪುಸ್ತಕವೂ ಹೌದು. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ, ಎಂದರೆ 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ, ಮುಂಗಾರು ಹಿಡಿಯುವ ಮೊದಲು ಒಮ್ಮೆ, ಆಮೇಲೆ 40ರಿಂದ 45 ದಿನಗಳಿಗೆ ಇನ್ನೊಮ್ಮೆ ಬಿಡುವುದು ವಾಡಿಕೆ. ಮದ್ದು ಬಿಟ್ಟ ದಿನವನ್ನು ಷರಾದಲ್ಲಿ ಕೆಂಪು ಪೆನ್ಸಿಲಿನಿಂದ ಬರೆದರೆ, ಬಿಟ್ಟ ಮರುದಿನ ಎಷ್ಟು ಮಳೆ ಬಂತು, ಎರಡನೆಯ ಸರದಿಗೆ ಎಷ್ಟು ದಿನ ಉಳಿಯಿತು, ಕೊಳೆ ಹೆಚ್ಚಾದ ವರ್ಷ ಮಳೆ ಯಾವ ರೀತಿ ಬಂದಿತ್ತು ಎಂಬುದೆಲ್ಲ ಒಂದೇ ಪುಟದಲ್ಲಿ ಸಿಗುತ್ತದೆ.

ಅಂಕಿ ಕೈಗೆ ಬಂದ ಮೇಲೆ ಇಲಾಖೆಯ ಮಾತುಗಳೂ ಅರ್ಥಪೂರ್ಣವಾಗುತ್ತವೆ. 2.5 ಮಿಲ್ಲಿಮೀಟರು ಅಥವಾ ಹೆಚ್ಚು ಬಿದ್ದರೆ ಅದು ಮಳೆದಿನ. 64.5ರಿಂದ 115.5ರ ತನಕ ಭಾರಿ ಮಳೆ, 115.6ರಿಂದ 204.4ರ ತನಕ ಅತಿ ಭಾರಿ, ಅದರ ಮೇಲಿನದ್ದು ಅತ್ಯಂತ ಭಾರಿ. ವಾರ್ತೆಯಲ್ಲಿ ಈ ಪದಗಳನ್ನು ಕೇಳಿದಾಗ ನಮ್ಮ ಅಂಗಳದಲ್ಲಿ ಬಿದ್ದದ್ದು ಯಾವುದು ಎಂದು ಪುಸ್ತಕ ಹೇಳುತ್ತದೆ. ಕೇರಳಕ್ಕೆ ಮುಂಗಾರು ಬಂತೆಂದು ಸಾರುವ ಕ್ರಮದಲ್ಲಿಯೂ ಇದೇ 2.5 ಇದೆ: ಮೇ 10ರ ಬಳಿಕ, ಗೊತ್ತುಮಾಡಿದ 14 ಕೇಂದ್ರಗಳಲ್ಲಿ ಶೇಕಡಾ 60ರಷ್ಟು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ ಅಷ್ಟು ಮಳೆಯಾಗಬೇಕು, ಜೊತೆಗೆ ಗಾಳಿಯ ಮತ್ತು ಮೋಡದ ಲಕ್ಷಣಗಳೂ ಕೂಡಿಬರಬೇಕು. ಆ ಹದಿನಾಲ್ಕರಲ್ಲಿ ಒಂದು ನಮ್ಮ ಕಾಸರಗೋಡಿನ ಕೂಡ್ಲು, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ, ಈಗ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇರುವ ಜಾಗ. ಇನ್ನೊಂದು ನೆರೆಯ ಮಂಗಳೂರು. ಜೂನ್ 1 ವಾಡಿಕೆಯ ದಿನವಾದ್ದರಿಂದ ಮೇ ಕೊನೆಯ ವಾರದಲ್ಲಿ ನಾನು ಪ್ರತಿದಿನವೂ ನನ್ನ ಜಾಡಿಯಲ್ಲಿ 25 ಮಿಲ್ಲಿಲೀಟರು ದಾಟಿತೇ ಎಂದು ನೋಡುತ್ತೇನೆ, ಕೂಡ್ಲಿನಲ್ಲೂ ಅದೇ ಹೊತ್ತಿಗೆ ಯಾರೋ ನೋಡುತ್ತಿರುತ್ತಾರೆ ಎಂಬುದು ನನಗೆ ಬಹಳ ಹಿತವಾದ ಯೋಚನೆ.

ಅಂಕಿಯನ್ನು ಲೀಟರಿಗೆ ತಿರುಗಿಸಿ ನೋಡುವುದನ್ನೂ ರೂಢಿಸಿಕೊಳ್ಳಿ. 72 ಮಿಲ್ಲಿಮೀಟರು ಬಿದ್ದ ದಿನ 100 ಚದರ ಮೀಟರಿನ ಮಾಡಿನ ಮೇಲೆ ಬಿದ್ದದ್ದು 7,200 ಲೀಟರು, ಒಂದು ಎಕರೆ ತೋಟದಲ್ಲಿ ಬಿದ್ದದ್ದು ಸುಮಾರು 2 ಲಕ್ಷ 91 ಸಾವಿರ ಲೀಟರು. ನಮ್ಮ ಮನೆಯಲ್ಲಿ ಮಾಡಿನ ನೀರನ್ನು ಬಾವಿಗೆ ಇಳಿಸುವ ಪೈಪು ಹಾಕಿದ್ದು ಈ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಹೇಳಿದ ಮೇಲೆಯೇ.

ನಾಲ್ಕಾರು ಮನೆಯವರು ಸೇರಿ ಅಂಕಿಗಳನ್ನು ವಾಟ್ಸಾಪ್‌ನಲ್ಲಿ ಹಂಚಿಕೊಂಡರೆ ಇನ್ನೊಂದು ಲಾಭವಿದೆ. ಕುಂಬಳೆಯ ಕರಾವಳಿಯಲ್ಲಿ ಬಿಸಿಲಿದ್ದಾಗ ಮುಳ್ಳೇರಿಯದಲ್ಲಿ ಸುರಿಯುವುದುಂಟು, ಒಂದೇ ಗ್ರಾಮದ ಎರಡು ಗುಡ್ಡಗಳ ನಡುವೆಯೂ ಇಪ್ಪತ್ತು ಮೂವತ್ತು ಮಿಲ್ಲಿಮೀಟರಿನ ವ್ಯತ್ಯಾಸ ಬರುವುದುಂಟು. ಹಾಗೆ ಬಂದಾಗ ಯಾರದ್ದು ತಪ್ಪು ಎಂದು ಹುಡುಕುವ ಮೊದಲು, ಇಬ್ಬರೂ ಅಳೆದದ್ದು ಒಂದೇ ಹೊತ್ತಿಗೇ, ಆಲಿಕೆಯ ಅಗಲದ ಲೆಕ್ಕ ಸರಿಯೇ ಎಂದು ಕೇಳಿಕೊಳ್ಳಿ; ಎರಡೂ ಸರಿಯಿದ್ದರೆ ಎರಡೂ ಅಂಕಿ ನಿಜ.

ಕೊನೆಯದಾಗಿ, ಸೊನ್ನೆಯನ್ನೂ ಬರೆಯಬೇಕು. ಡಿಸೆಂಬರಿನಿಂದ ಮಾರ್ಚಿನ ತನಕ ಅಂಗಳದಲ್ಲಿ ಅಡಿಕೆ ಹರಡಿರುತ್ತದೆ, ಆಗ ಕಲ್ಲನ್ನು ತೆಗೆದುಬಿಡುವ ಆಸೆಯಾಗುತ್ತದೆ. ತೆಗೆಯಬೇಡಿ, ಅದರ ಸುತ್ತ ಒಂದು ಚಾಪೆಯಷ್ಟು ಜಾಗ ಬಿಟ್ಟು ಅಡಿಕೆ ಹರಡಿ. ಬೆಳಿಗ್ಗೆ ಆಲಿಕೆಯ ಧೂಳು ಒರೆಸಿ, ಪುಸ್ತಕದಲ್ಲಿ 0 ಎಂದು ಬರೆಯಿರಿ. ಬರೆಯದೆ ಬಿಟ್ಟ ಮನೆ ಮಳೆ ಬಾರದ ದಿನವೋ ಅಳೆಯದ ದಿನವೋ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಹನಿ ಬಿದ್ದು ನೆಲ ನೆನೆದರೂ ಅಳೆಯುವಷ್ಟು ನೀರು ಸಿಗದಿದ್ದರೆ "ತುಂತುರು" ಎಂದು ಬರೆದರಾಯಿತು. ನನ್ನ ಪುಸ್ತಕದಲ್ಲಿ ಒಂದು ವರ್ಷ ಎಪ್ಪತ್ತೊಂದು ಸೊನ್ನೆಗಳು ಒಂದರ ಕೆಳಗೊಂದು ಇವೆ. ಅವುಗಳ ಕೆಳಗೆ 4 ಎಂದಿದೆ, ಷರಾದಲ್ಲಿ ಮೊಮ್ಮಗಳ ದುಂಡಗಿನ ಅಕ್ಷರದಲ್ಲಿ "ರಾತ್ರಿ ಎರಡು ಗಂಟೆಗೆ ಎಲ್ಲರೂ ಎದ್ದು ಅಡಿಕೆ ಬಾಚಿದೆವು" ಎಂದಿದೆ.